ಫಲ ಕಂಡದ್ದು ಮೂರನೇ ವರ್ಷ

1990ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೊನಿಯೊ ನಗರಕ್ಕೆ ಸಿಡಿಲಿನಂಥ ಸುದ್ದಿ ಬಂತು. ಲೀವೈ ಸ್ಟ್ರಾಸ್ ಕಂಪನಿ ಅಲ್ಲಿನ ಹೊಲಿಗೆ ಕಾರ್ಖಾನೆ ಮುಚ್ಚಿ ಕೆಲಸವನ್ನು ಕೋಸ್ಟರಿಕಾಕ್ಕೆ ಸಾಗಿಸಿತು. ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಹೆಂಗಸರು. ಊರಿನ ಆಸ್ಪತ್ರೆಗಳಲ್ಲಿ ಕೆಲಸ ಹೆಚ್ಚುತ್ತಿತ್ತು ನಿಜ, ಅದಕ್ಕೆ ಬೇಕಾದ ಓದು ಹೊಲಿಗೆಯವರಲ್ಲಿ ಇರಲಿಲ್ಲ.

ಸರ್ಕಾರಿ ತರಬೇತಿಗಂತೂ ಕೊರತೆಯಿರಲಿಲ್ಲ. 1982ರ ಕಾಯ್ದೆಯೊಂದರಡಿ ದೇಶದ ತುಂಬ ಕೋರ್ಸ್‌ಗಳು ನಡೆಯುತ್ತಿದ್ದವು. 16 ಕಡೆ ಅರ್ಜಿದಾರರನ್ನು ಲಾಟರಿ ಎತ್ತಿ ತರಬೇತಿ ಸಿಗುವವರು, ಸಿಗದವರು ಎಂದು ಎರಡು ಗುಂಪು ಮಾಡಿ ಹೋಲಿಸಿದಾಗ ತರಬೇತಿ ಸಿಕ್ಕ ವಯಸ್ಕರ ಗಳಿಕೆ ಅಲ್ಪಸ್ವಲ್ಪ ಏರಿತ್ತು. ಶಾಲೆ ಬಿಟ್ಟ ಯುವಕರಿಗೆ ಲಾಭವೇ ಕಾಣಲಿಲ್ಲ.

ಸ್ಯಾನ್ ಆಂಟೊನಿಯೊದ ಚರ್ಚುಗಳ ಒಕ್ಕೂಟಗಳಾದ ಕಾಪ್ಸ್ ಮತ್ತು ಮೆಟ್ರೊ ಅಲಯನ್ಸ್ ಬೇರೆ ದಾರಿ ಹಿಡಿದವು. ಮೊದಲು ಮನೆಗಳಲ್ಲಿ ಸಭೆ ಸೇರಿ ಜನರ ಕಷ್ಟ ಕೇಳಿದವು. ಬಳಿಕ ಉದ್ಯೋಗದಾತರಿಂದ ‘ಇಷ್ಟು ಜನರಿಗೆ ಕೆಲಸ ಕೊಡುತ್ತೇವೆ’ ಎಂಬ ಮಾತು ಪಡೆದವು. ತರಗತಿಯ ಯೋಚನೆ ಬಂದದ್ದು ಆಮೇಲೆ. ಹೀಗೆ 1992ರಲ್ಲಿ ಸರ್ಕಾರದ ಹಣದಿಂದ ‘ಪ್ರಾಜೆಕ್ಟ್ ಕ್ವೆಸ್ಟ್’ ಹುಟ್ಟಿತು. ಓದು ಕಮ್ಯುನಿಟಿ ಕಾಲೇಜಿನಲ್ಲಿ. ಶುಲ್ಕ, ಪುಸ್ತಕ, ಓಡಾಟ, ಮಕ್ಕಳನ್ನು ನೋಡಿಕೊಳ್ಳುವ ಖರ್ಚು, ಎಲ್ಲಕ್ಕೂ ನೆರವು. ವಾರಕ್ಕೊಮ್ಮೆ ಸಲಹೆಗಾರರ ಭೇಟಿ ಕಡ್ಡಾಯ. ಸಂಸಾರ ಹೊತ್ತವರು ಓದು ಅರ್ಧಕ್ಕೆ ಬಿಡುವುದು ಹೆಚ್ಚಾಗಿ ಬಾಡಿಗೆ ಕಟ್ಟಲಾಗದೆ, ಮಗುವಿಗೆ ಜ್ವರ ಬಂದು. ಈ ಭೇಟಿಗಳಲ್ಲಿ ಅಂಥ ಸಂಕಟ ಹೊತ್ತು ಮೀರುವ ಮುಂಚೆಯೇ ಕಿವಿಗೆ ಬೀಳುತ್ತಿತ್ತು.

ಫಲವೇನು?

2006ರಿಂದ 2008ರವರೆಗೆ ಆರೋಗ್ಯ ಕ್ಷೇತ್ರದ ಕೋರ್ಸ್‌ಗಳಿಗೆ ಬಂದ 410 ಮಂದಿಯನ್ನು ಇಲ್ಲೂ ಲಾಟರಿಯಿಂದಲೇ ಎರಡು ಗುಂಪಾಗಿಸಿ ವರ್ಷಗಟ್ಟಲೆ ಹಿಂಬಾಲಿಸಲಾಯಿತು. ಮೊದಲ ವರ್ಷ ಕ್ವೆಸ್ಟ್ ಸೇರಿದವರ ಗಳಿಕೆಯೇ ಕಡಿಮೆ, ಏಕೆಂದರೆ ಓದಿಗಾಗಿ ದುಡಿಮೆ ತಗ್ಗಿಸಿದ್ದರು. ಮೂರನೇ ವರ್ಷದಿಂದ ಅವರು ಮುಂದಾದರು. ಆರನೇ ವರ್ಷದ ಹೊತ್ತಿಗೆ ವಾರ್ಷಿಕ ಅಂತರ ಸುಮಾರು 5,000 ಡಾಲರ್.

ತಲೆಗೆ ಸುಮಾರು 10,000 ಡಾಲರ್ ಖರ್ಚಿನ ಈ ಯೋಜನೆಯನ್ನು ಮೊದಲ ವರ್ಷದ ಲೆಕ್ಕ ನೋಡಿ ಅಳೆದಿದ್ದರೆ ‘ದಂಡ’ ಎಂದು ಮುಚ್ಚಿಬಿಡುತ್ತಿದ್ದರು. ತರಬೇತಿ ಮುಗಿದ ಕೆಲವೇ ತಿಂಗಳಲ್ಲಿ ಪ್ರಮಾಣಪತ್ರ, ನೇಮಕಾತಿಗಳನ್ನು ಎಣಿಸಿ ಫೈಲು ಮುಚ್ಚುವ ಯಾವ ದೇಶದ ಇಲಾಖೆಯೂ ಈ ಅಂಕಿಗಳನ್ನು ಎದುರಿಗಿಟ್ಟುಕೊಳ್ಳಬೇಕು. ಇನ್ನೊಂದು ಸಂಗತಿಯೂ ಅದೇ ಅಧ್ಯಯನದಲ್ಲಿದೆ: ಹೆಚ್ಚು ಲಾಭ ಪಡೆದವರು ಹದಿಹರೆಯ ದಾಟಿದ ಹೊಸಬರಿಗಿಂತ, 25 ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದವರು.