ಹೊಗೆ, ಮೋಡ ಮತ್ತು ಹೂಮಳೆ

ಮಾರ್ಚ್ ತಿಂಗಳ ಮಧ್ಯಾಹ್ನ ಗುಡ್ಡದ ಹಿಂದಿನಿಂದ ಮೋಡ ಏಳುತ್ತದೆ. ಗೋಪುರದಂತೆ ಬೆಳೆಯುತ್ತದೆ, ಬುಡ ಕಪ್ಪಾಗುತ್ತದೆ, ದೂರದಲ್ಲೆಲ್ಲೋ ಗುಡುಗುತ್ತದೆ. ಬೆಳೆಗಾರ ಮಳೆಮಾಪಕವನ್ನು ತೊಳೆದಿಟ್ಟು ಕಾಯುತ್ತಾನೆ. ಸಂಜೆಯ ಹೊತ್ತಿಗೆ ಆಕಾಶ ಶುಭ್ರ. ಮಾಪಕದಲ್ಲಿ ಐದು ಸೆಂಟೂ ಇಲ್ಲ. ಅದೇ ಜೂನ್ ಕೊನೆಯಲ್ಲಿ, ಮರದ ತುದಿಗೆ ತಾಗುವಷ್ಟು ತಗ್ಗಿನಲ್ಲಿ ಸಾಗುವ ಬೂದು ಮೋಡವೂ ದಿನವಿಡೀ ಜಿನುಗುತ್ತದೆ. ಕಂಬಳಿಕೊಪ್ಪೆ ಇಲ್ಲದೆ ಅಂಗಳಕ್ಕೆ ಇಳಿಯುವಂತಿಲ್ಲ. ಅಷ್ಟು ದೊಡ್ಡ ಮೋಡ ಕೊಡದ ಮಳೆಯನ್ನು ಇಷ್ಟು ಸಣ್ಣ ಮೋಡ ಹೇಗೆ ಕೊಡುತ್ತದೆ ಎಂದು ನಮ್ಮಲ್ಲಿ ಅನೇಕರು ಕೇಳಿದ್ದಾರೆ.

ಮೊದಲ ಉತ್ತರ ಎಲ್ಲರಿಗೂ ತಿಳಿದದ್ದೇ. ಜೂನಿನಲ್ಲಿ ಅರಬ್ಬೀ ಸಮುದ್ರದಿಂದ ಬೀಸುವ ಗಾಳಿ ತೇವದಿಂದ ತುಂಬಿರುತ್ತದೆ, ಘಟ್ಟ ಅದನ್ನು ಮೇಲಕ್ಕೆ ಏರಿಸುತ್ತದೆ. ಮಾರ್ಚಿನಲ್ಲಿ ಅಷ್ಟು ತೇವವೂ ಇಲ್ಲ, ಅಂಥ ಗಾಳಿಯೂ ಇಲ್ಲ. ಎರಡನೆಯ ಉತ್ತರ ಅಷ್ಟಾಗಿ ತಿಳಿದಿಲ್ಲ. ಅದು ಗಾಳಿಯಲ್ಲಿ ತೇಲುವ, ಕಣ್ಣಿಗೆ ಕಾಣದ ಕಣಗಳಿಗೆ ಸಂಬಂಧಿಸಿದ್ದು. ವಿಜ್ಞಾನಿಗಳು ಇವನ್ನು ಏರೋಸಾಲ್ ಎನ್ನುತ್ತಾರೆ. ನಾವು ತೇಲುಕಣ ಎನ್ನೋಣ. ಒಲೆಯ ಹೊಗೆ, ಕಾಡುಕಿಚ್ಚಿನ ಮಸಿ, ರಸ್ತೆಯ ಧೂಳು, ಕಲ್ಲಿದ್ದಲು ಉರಿಸಿದಾಗ ಬರುವ ಗಂಧಕದ ಅನಿಲದಿಂದ ಹುಟ್ಟುವ ಸಲ್ಫೇಟ್, ಸಮುದ್ರದ ತೆರೆ ಒಡೆದಾಗ ಹಾರುವ ಉಪ್ಪು, ಹೂವಿನ ಪರಾಗ ಎಲ್ಲವೂ ಇದರಲ್ಲಿ ಸೇರಿವೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ತುಂತುರೂ ಒಂದು ಬಗೆಯ ತೇಲುಕಣವೇ. ಆದರೆ ಅದರ ಹನಿ ದಪ್ಪ, ಬೇಗ ಕೆಳಗೆ ಬೀಳುತ್ತದೆ. ಹೊಗೆಯ ಕಣ ಹಾಗಲ್ಲ. ಬಹುಮಟ್ಟಿಗೆ ಅದರ ಗಾತ್ರ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ಮಳೆ ಬಂದು ತೊಳೆಯುವ ತನಕ, ಸುಮಾರು ಒಂದು ವಾರ, ಅದು ಗಾಳಿಯಲ್ಲೇ ಉಳಿದು ನೂರಾರು ಮೈಲಿ ಸಾಗಬಲ್ಲುದು.

ನೀರಿನ ಆವಿ ತಂಪಾದರೆ ಸಾಕು, ಹನಿಯಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಸತ್ಯ. ಕಣವೇ ಇಲ್ಲದ ಗಾಳಿಯಲ್ಲಿ ಹನಿ ಕಟ್ಟಬೇಕಾದರೆ ತೇವಾಂಶ ನೂರಕ್ಕೆ ನೂರನ್ನು ದಾಟಿ ಅದರ ಹಲವು ಪಟ್ಟು ಏರಬೇಕು. ಕಣವಿದ್ದರೆ ನೂರನ್ನು ತುಸು ಮೀರಿದರೂ ಆದೀತು. ಆವಿಗೆ ಕುಳಿತುಕೊಳ್ಳಲು ಒಂದು ಆಸರೆ ಸಿಕ್ಕಂತಾಯಿತು. ಇದನ್ನು ಮನೆಯಲ್ಲೇ ಮಕ್ಕಳಿಗೆ ತೋರಿಸಬಹುದು. ತೆಳು ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಸ್ವಲ್ಪ ಬೆಚ್ಚನೆಯ ನೀರು ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಅಲುಗಿಸಿ, ಹಿಸುಕಿ ಬಿಡಿ. ಹೆಚ್ಚೇನೂ ಕಾಣದು. ಈಗ ಆರಿಸಿದ ಬೆಂಕಿಕಡ್ಡಿಯ ಹೊಗೆಯನ್ನು ಒಂದಿಷ್ಟು ಒಳಗೆ ಬಿಟ್ಟು, ಮುಚ್ಚಿ, ಮತ್ತೆ ಹಿಸುಕಿ ಬಿಡಿ. ಕೈ ಸಡಿಲಿಸಿದ ಕ್ಷಣ ಒಳಗೆ ಮಂಜು ಕಟ್ಟುತ್ತದೆ, ಹಿಸುಕಿದರೆ ಮಾಯವಾಗುತ್ತದೆ. ಇಂಥ ಪ್ರಯೋಗವನ್ನೇ ಗಾಜಿನ ಪಾತ್ರೆಗಳಲ್ಲಿ ಫ್ರಾನ್ಸಿನ ಕೂಲಿಯೆ ಎಂಬುವರು 1875ರಲ್ಲಿಯೂ, ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಎಂಬುವರು 1880ರ ಸುಮಾರಿಗೂ ಮಾಡಿ, ಧೂಳಿಲ್ಲದೆ ಮಂಜೂ ಇಲ್ಲ, ಮೋಡವೂ ಇಲ್ಲ ಎಂದು ತೋರಿಸಿಕೊಟ್ಟರು.

ಬೀಜ ಹೆಚ್ಚಾದರೆ

ಕಣವೇ ಮೋಡದ ಬೀಜವಾದರೆ, ಹೊಗೆ ಹೆಚ್ಚಿದಷ್ಟೂ ಮಳೆ ಹೆಚ್ಚಬೇಕಲ್ಲವೇ? ನಮ್ಮ ಸಸಿಮಡಿಯನ್ನೇ ನೆನಪಿಗೆ ತಂದುಕೊಳ್ಳಿ. ಬೀಜವನ್ನು ಒತ್ತೊತ್ತಾಗಿ ಹಾಕಿದರೆ ಮೊಳಕೆ ಎಲ್ಲವೂ ಬರುತ್ತದೆ, ಆದರೆ ಸಸಿ ಒಂದೂ ದಪ್ಪವಾಗುವುದಿಲ್ಲ. ಮೋಡದಲ್ಲಿಯೂ ಹಾಗೆಯೇ. ಇರುವ ತೇವವನ್ನು ಎಲ್ಲ ಕಣಗಳೂ ಹಂಚಿಕೊಳ್ಳಬೇಕು. ಸಮುದ್ರದ ಶುದ್ಧ ಗಾಳಿಯ ಮೋಡದಲ್ಲಿ ಒಂದು ಘನ ಸೆಂಟಿಮೀಟರಿಗೆ ನೂರರ ಆಸುಪಾಸು ಹನಿಗಳಿದ್ದರೆ, ಹೊಗೆ ತುಂಬಿದ ನೆಲದ ಗಾಳಿಯಲ್ಲಿ ಅದು ಐನೂರು, ಸಾವಿರಕ್ಕೂ ಏರುತ್ತದೆ. ಹನಿಗಳು ಹೆಚ್ಚು, ಪ್ರತಿಯೊಂದೂ ಸಣ್ಣದು.

ಸಣ್ಣ ಹನಿಯಿಂದ ಮಳೆಯಾಗುವುದು ಕಷ್ಟ. ಒಂದು ಮಳೆಹನಿಯಲ್ಲಿ ಸುಮಾರು ಹತ್ತು ಲಕ್ಷ ಮೋಡದ ಹನಿಗಳ ನೀರಿರುತ್ತದೆ. ಅಷ್ಟು ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಬೇಕು. ಹನಿಗಳ ತ್ರಿಜ್ಯ 12ರಿಂದ 14 ಮೈಕ್ರಾನ್ ಮುಟ್ಟಿದ ಮೇಲೆಯೇ ಈ ಕೂಡುವ ಕೆಲಸ ಚುರುಕಾಗುತ್ತದೆ. ಅದಕ್ಕಿಂತ ಸಣ್ಣವು ಗಾಳಿಯ ಜೊತೆಗೇ ಸುತ್ತಿಕೊಂಡು, ತಾಗದೆ ಜಾರಿಹೋಗುತ್ತವೆ.

ಜೂನಿನ ಗಾಳಿ ಮಳೆಯಿಂದ ತೊಳೆದದ್ದು, ಅದರಲ್ಲಿರುವುದು ಹೆಚ್ಚಾಗಿ ಸಮುದ್ರದ ಉಪ್ಪು. ಉಪ್ಪಿನ ಕಣ ದಪ್ಪ. ನೀರನ್ನು ಬೇಗ ಹೀರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಬಾಯಿ ತೆರೆದಿಟ್ಟವರಿಗೆ ಇದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಮೋಡ ಎತ್ತರಕ್ಕೆ ಬೆಳೆಯುವ ಮೊದಲೇ ಜಿನುಗತೊಡಗುತ್ತದೆ. ಮಾರ್ಚಿನ ಗಾಳಿ ಒಳನಾಡಿನ ಹೊಗೆ, ಧೂಳುಗಳನ್ನು ಹೊತ್ತದ್ದು. ಆಗಿನ ಮೋಡ ಮಳೆ ಕೊಡಬೇಕಾದರೆ ಬಹಳ ಎತ್ತರಕ್ಕೆ ಏರಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2009ರಿಂದ ವಿಮಾನದಲ್ಲಿ ಮೋಡಗಳೊಳಗೆ ಹಾರಿ ಅಳೆದಾಗ ಕಂಡದ್ದೂ ಇದನ್ನೇ: ಕಣ ಹೆಚ್ಚಿದ್ದಲ್ಲಿ ಮಳೆ ಹುಟ್ಟುವ ಮಟ್ಟ ಮೇಲಕ್ಕೆ ಹೋಗುತ್ತದೆ. ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗೆ ಇಳಿಯುತ್ತದೆ. ಅದನ್ನೂ ದಾಟಿ ಮಂಜುಗಡ್ಡೆ ಕಟ್ಟುವಷ್ಟು ಬೆಳೆದ ಮೋಡ ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲಿನೊಡನೆ ಸುರಿಯುತ್ತದೆ. ಅಷ್ಟು ಬೆಳೆಯದ್ದು ಒಣಗಿ ಕರಗುತ್ತದೆ. ನಮ್ಮ ಹೂಮಳೆ ಒಂದು ತೋಟಕ್ಕೆ ಒಂದೂವರೆ ಇಂಚು ಸುರಿದು, ಪಕ್ಕದ ತೋಟದ ಬೇಲಿಯಲ್ಲಿ ನಿಲ್ಲುವುದು ಇಂಥ ಬಿಡಿ ಮೋಡಗಳಿಂದಲೇ. ಹೊಗೆ ಸೇರಿದ ದೊಡ್ಡ ಮೋಡಗಳಲ್ಲಿ ಗುಡುಗು, ಆಲಿಕಲ್ಲುಗಳ ರಭಸ ಇನ್ನೂ ಹೆಚ್ಚುತ್ತದೆಯೇ ಎಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ.

ಮೋಡ ಬಿತ್ತನೆಯ ಮಾತು ಪ್ರತಿ ಬರಗಾಲದಲ್ಲಿಯೂ ಏಳುತ್ತದೆ. ನಮ್ಮ ರಾಜ್ಯದಲ್ಲಿ 2003ರಲ್ಲಿಯೂ 2017ರಲ್ಲಿಯೂ ಅದನ್ನು ಮಾಡಿದ್ದುಂಟು. ಮೇಲೆ ಹೇಳಿದ ತತ್ವವೇ ಅದಕ್ಕೂ ಆಧಾರ. ಎತ್ತರದ ತಣ್ಣನೆಯ ಮೋಡಕ್ಕೆ ಸಿಲ್ವರ್ ಅಯೊಡೈಡ್, ತಗ್ಗಿನ ಬೆಚ್ಚನೆಯ ಮೋಡಕ್ಕೆ ಉಪ್ಪಿನ ದಪ್ಪ ಕಣ. ಘಟ್ಟದ ಮಳೆ ನೆರಳಿನಲ್ಲಿರುವ ಸೋಲಾಪುರದಲ್ಲಿ 2018 ಮತ್ತು 2019ರಲ್ಲಿ ಪುಣೆಯ ಸಂಸ್ಥೆಯವರು 276 ಮೋಡಗಳನ್ನು ಆಯ್ದು ನಡೆಸಿದ ಪರೀಕ್ಷೆಯಲ್ಲಿ ಮಳೆ ಸರಾಸರಿ ನೂರಕ್ಕೆ 18ರಷ್ಟು ಹೆಚ್ಚಿದ್ದು ಕಂಡುಬಂತು. ತಳ್ಳಿಹಾಕುವ ಮಾತಲ್ಲ. ಆದರೆ ಅದು ಮಳೆಗಾಲದಲ್ಲಿ, ಬಿತ್ತನೆಗೆ ತಕ್ಕ ಮೋಡಗಳಿದ್ದಾಗ ಸಿಕ್ಕ ಫಲ. ಇಲ್ಲದ ಮೋಡವನ್ನು ಯಾವ ವಿಮಾನವೂ ತರಲಾರದು. ರೊಬಸ್ಟಾಗೆ ಫೆಬ್ರವರಿ ಮಾರ್ಚಿನೊಳಗೆ ಒಂದು ಇಂಚು, ಆಮೇಲೆ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಎಂಬ ಲೆಕ್ಕ ನಮ್ಮದು. ಅದಕ್ಕೆ ವಿಮಾನವನ್ನು ನಂಬುವುದಕ್ಕಿಂತ ಕೆರೆಯ ಹೂಳೆತ್ತಿಸಿ ಸ್ಪ್ರಿಂಕ್ಲರನ್ನು ರಿಪೇರಿ ಮಾಡಿಸಿಟ್ಟುಕೊಳ್ಳುವುದೇ ಲೇಸು ಎಂದು ಈ ಲೇಖಕನ ಅಭಿಪ್ರಾಯ.

ಬೇಸಿಗೆಯ ಮಬ್ಬು

ಫೆಬ್ರವರಿಯಲ್ಲಿ ಎದುರಿನ ಗುಡ್ಡ ಮಾಸಲಾಗಿ ಕಾಣುವುದನ್ನೂ, ಒಂದು ಒಳ್ಳೆಯ ಮಳೆ ಬಿದ್ದ ಮರುದಿನ ಅದೇ ಗುಡ್ಡದ ಮರಗಳನ್ನು ಎಣಿಸುವಂತಾಗುವುದನ್ನೂ ನೀವು ಬಲ್ಲಿರಿ. ಆ ಮಬ್ಬು ನಮ್ಮೂರಿನದಷ್ಟೇ ಅಲ್ಲ. 1999ರ ಆರಂಭದ ತಿಂಗಳುಗಳಲ್ಲಿ ಹಲವು ದೇಶಗಳ ವಿಜ್ಞಾನಿಗಳು ಹಡಗು, ವಿಮಾನಗಳಿಂದಲೂ ಮಾಲ್ಡೀವ್ಸ್ ದ್ವೀಪದ ಒಂದು ಕೇಂದ್ರದಿಂದಲೂ ಹಿಂದೂ ಮಹಾಸಾಗರದ ಗಾಳಿಯನ್ನು ಪರೀಕ್ಷಿಸಿದರು. ಇದರ ಮುಂದಾಳುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಒಬ್ಬರು. ಭಾರತ ಮತ್ತು ನೆರೆಯ ದೇಶಗಳಿಂದ ಹೊರಟ ಹೊಗೆ ಸಮುದ್ರದ ಮೇಲೆ 3 ಕಿಲೋಮೀಟರಿನಷ್ಟು ದಪ್ಪದ ಕಂದು ಮುಸುಕಾಗಿ ಹಬ್ಬಿ, ನೀರಿಗೆ ತಲಪುವ ಬಿಸಿಲಿನಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ತಡೆದಿತ್ತು. ಅದರಲ್ಲಿನ ಮಸಿ ಬಿಸಿಲನ್ನು ಹೀರಿ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕೆಳಗೆ ನೆಲ, ನೀರು ಅಷ್ಟರಮಟ್ಟಿಗೆ ಕಡಿಮೆ ಕಾಯುತ್ತವೆ. ಕೆಳಗಿನ ಗಾಳಿ ಬಿಸಿಯಾಗಿ ಮೇಲೇಳುವುದರಿಂದಲೇ ಬೇಸಿಗೆಯ ಮೋಡ ಹುಟ್ಟುವುದು. ಮುಸುಕು ಆ ಏಳಿಗೆಯನ್ನು ತಗ್ಗಿಸುತ್ತದೆ.

ಮಸಿಯಲ್ಲದ ಕಣಗಳು ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ. ಕಲ್ಲುಸಕ್ಕರೆಯ ಹರಳಿನಲ್ಲಿ ಬೆಳಕು ಹಾದುಹೋಗುತ್ತದೆ; ಪುಡಿ ಮಾಡಿದರೆ ಬೆಳ್ಳಗೆ ಹೊಳೆಯುತ್ತದೆ. ಹಾಗೆಯೇ ಸಣ್ಣ ಹನಿಗಳ ಮೋಡ ಹೆಚ್ಚು ಬೆಳ್ಳಗಿದ್ದು ಹೆಚ್ಚು ಬಿಸಿಲನ್ನು ಹಿಂದಿರುಗಿಸುತ್ತದೆ. ಇದನ್ನು ಟೂಮಿ ಎಂಬ ವಿಜ್ಞಾನಿ 1970ರ ದಶಕದಲ್ಲಿ ತೋರಿಸಿದರು. 1991ರ ಜೂನಿನಲ್ಲಿ ಫಿಲಿಪೈನ್ಸಿನ ಪಿನಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಅನಿಲ ಬಹು ಎತ್ತರಕ್ಕೆ ಹೋದಾಗ, ಮರುವರ್ಷ ಇಡೀ ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. 2021ರ ಅಂತರರಾಷ್ಟ್ರೀಯ ಹವಾಮಾನ ವರದಿಯ ಅಂದಾಜಿನಂತೆ, ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿದೆ. ತೇಲುಕಣಗಳ ಈ ನೆರಳು ಇಲ್ಲದಿದ್ದರೆ ಅದು 1.5ರ ಹತ್ತಿರ ಇರುತ್ತಿತ್ತು. ಹಾಗೆಂದು ಹೊಗೆ ಒಳ್ಳೆಯದು ಎನ್ನಲಾದೀತೇ? ಕಣ ವಾರದಲ್ಲಿ ತೊಳೆದುಹೋಗುತ್ತದೆ, ಇಂಗಾಲದ ಅನಿಲ ಶತಮಾನಗಟ್ಟಲೆ ಉಳಿಯುತ್ತದೆ. ಸಾಲ ತೀರಿಸದೆ ಬಡ್ಡಿಗೆ ಬಡ್ಡಿ ಕಟ್ಟಿದ ಹಾಗೆ.

ನಮ್ಮ ಪಾಲಿನ ಹೊಗೆ

ನನ್ನ ತೋಟದಲ್ಲಿ ಕಸ ಸುಟ್ಟರೆ ನನ್ನ ಹೂಮಳೆ ತಪ್ಪುತ್ತದೆಯೇ? ಇಲ್ಲ. ಒಬ್ಬನ ಬೆಂಕಿಗೆ ಅಷ್ಟು ಬಲವಿಲ್ಲ, ಹೂಮಳೆ ತಪ್ಪುವುದಕ್ಕೆ ತೇವ ಮತ್ತು ಗಾಳಿಯೇ ದೊಡ್ಡ ಕಾರಣಗಳು. ಆದರೆ ಮುಸುಕು ಕಟ್ಟಿರುವುದು ಇಂಥ ಲಕ್ಷಾಂತರ ಬೆಂಕಿಗಳಿಂದ. ಮೋಡಕ್ಕೆ ತಲಪುವ ಮುಂಚೆ ಆ ಹೊಗೆ ಹತ್ತಿರದವರ ಎದೆಗೆ ಹೋಗುತ್ತದೆ.

2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಕೆಮ್ಮು, ದಮ್ಮು ಮಾತ್ರವಲ್ಲ, ಹೃದಯದ ಕಾಯಿಲೆಗೂ ಇದು ಕಾರಣ. ನಮ್ಮ ದೇಶ 2009ರಲ್ಲಿ ಗೊತ್ತುಪಡಿಸಿದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಸೌದೆ ಒಲೆ ಉರಿಯುವ ಮುಚ್ಚಿದ ಅಡಿಗೆಮನೆಯಲ್ಲಿ ಅದು ನೂರಾರು ಮೈಕ್ರೋಗ್ರಾಂ ಇರುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ಅದೇ ಸಂಸ್ಥೆಯ ಅಂದಾಜು. ಹೆಂಗಸರು, ಮಕ್ಕಳು ಇದರಲ್ಲಿ ಹೆಚ್ಚು.

ಅಡಿಕೆ ಸುಗ್ಗಿಯಲ್ಲಿ ಹಂಡೆಯ ಪಕ್ಕದಲ್ಲೇ ಕುಳಿತು ರಾತ್ರಿ ಹತ್ತರವರೆಗೆ ಸುಲಿಯುವ ಹೆಂಗಸರನ್ನು ನೆನೆಯಿರಿ. ಸುಲಿಯುವ ಜಾಗವನ್ನು ಒಲೆಯಿಂದ ದೂರ, ಗಾಳಿ ಬರುವ ದಿಕ್ಕಿಗೆ ಬದಲಾಯಿಸಲು ಕಾಸಿನ ಖರ್ಚೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂಥ, ಚಿಮಣಿಯಿರುವ ಒಲೆಗಳು ಸೌದೆಯನ್ನೂ ಉಳಿಸುತ್ತವೆ. ಚಿಮಣಿಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಮಾತ್ರ ಹೊಗೆ ಮತ್ತೆ ಒಳಕ್ಕೇ ತಿರುಗುತ್ತದೆ. ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿಯಿಡುವುದು ಇನ್ನೂ ಕೆಟ್ಟದ್ದು. ಅದು ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಸಗಣಿ, ಸೊಪ್ಪಿನೊಡನೆ ಗುಂಡಿಗೆ ಹಾಕಿ ತೇವ ಆರದಂತೆ ನೋಡಿಕೊಂಡರೆ, ನಿಧಾನವಾಗಿಯಾದರೂ ಗೊಬ್ಬರವಾಗುತ್ತದೆ. ಸೌದೆಯ ವಿಷಯದಲ್ಲಿಯೂ ಅಷ್ಟೇ: ಹಸಿ ಸೌದೆಯ ಶಾಖದಲ್ಲಿ ಒಂದು ಪಾಲು ಅದರ ನೀರನ್ನು ಆವಿ ಮಾಡುವುದಕ್ಕೇ ಹೋಗಿ, ಬೆಂಕಿ ಕಾವೇರದೆ ಹೊಗೆ ದಟ್ಟವಾಗುತ್ತದೆ. ಸುಗ್ಗಿಗೆ ಬೇಕಾದ್ದನ್ನು ಏಪ್ರಿಲ್ ಬಿಸಿಲಿನಲ್ಲೇ ಸೀಳಿ ಒಣಗಿಸಿ, ಮೊದಲ ಮುಂಗಾರು ಮಳೆಗೆ ಮುನ್ನ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿಟ್ಟುಕೊಳ್ಳತಕ್ಕದ್ದು.