ಕಿರಿದಾದ ಕಿಂಡಿ, ಸ್ಪಷ್ಟವಾದ ಬಿಂಬ: ಮಸೂರದ ಪಾಠಕ್ಕೊಂದು ಅನ್ವಯ

ಗುಂಡ್ಲುಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ವೀಕ್ಷಣೆಗೆ ಕುಳಿತಿದ್ದೆ. ಹತ್ತನೆಯ ತರಗತಿ, ಪೀನ ಮಸೂರದ ಪಾಠ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣು ಕಿರಿದು ಮಾಡಿಕೊಂಡು ಕಪ್ಪುಹಲಗೆಯನ್ನು ನೋಡುತ್ತಿದ್ದಳು. "ಹಾಗೆ ಕಣ್ಣು ಮುಚ್ಚಬೇಡಮ್ಮ, ಸರಿಯಾಗಿ ನೋಡು" ಎಂದರು ಪ್ರಶಿಕ್ಷಣಾರ್ಥಿ. "ಹಿಂಗ್ ನೋಡುದ್ರೇನೆ ಚೆನ್ನಾಗ್ ಕಾಣೋದು ಮಿಸ್" ಎಂದಳು ಹುಡುಗಿ. ಪಾಠ ಮುಂದುವರಿಯಿತು. ನಾನೂ ಅವಲೋಕನ ಪುಸ್ತಕದಲ್ಲಿ ಕಪ್ಪುಹಲಗೆಯ ಬರಹದ ಬಗ್ಗೆ ಬರೆದೆನೇ ಹೊರತು ಆ ಮಾತನ್ನು ಗುರುತಿಸಲಿಲ್ಲ. ಅಂದಿನ ಪಾಠಕ್ಕೆ ಬೇಕಾದ ಉದಾಹರಣೆ ಅದರಲ್ಲೇ ಇತ್ತು. ಅದು ಅರ್ಥವಾಗಲು ಕ್ಯಾಮೆರಾದಿಂದ ಆರಂಭಿಸೋಣ.

ಮಳೆಗಾಲದಲ್ಲಿ ಬಂಡೀಪುರದ ರಸ್ತೆಯ ಬದಿಯ ಚೆಂಡುಹೂವಿನ ಹೊಲದಲ್ಲಿ ಫೋಟೊ ತೆಗೆಯುವವರನ್ನು ನೋಡಿದ್ದೇವೆ. ಒಂದು ಚಿತ್ರದಲ್ಲಿ ಹೂವೊಂದೇ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಇನ್ನೊಂದರಲ್ಲಿ ಹೂವಿನಿಂದ ದೂರದ ಬೆಟ್ಟದವರೆಗೂ ಸ್ಪಷ್ಟ. ಹೀಗೆ ಎಷ್ಟು ದೂರದಿಂದ ಎಷ್ಟು ದೂರದವರೆಗಿನ ವಸ್ತುಗಳು ಸ್ಪಷ್ಟವಾಗಿ ಕಾಣುತ್ತವೆಯೋ ಆ ವ್ಯಾಪ್ತಿಯನ್ನು ಛಾಯಾಗ್ರಾಹಕರು ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ನಾವು 'ಸ್ಪಷ್ಟತೆಯ ಆಳ' ಎನ್ನೋಣ.

ಇದನ್ನು ತರಗತಿಯಲ್ಲೇ ತೋರಿಸಬಹುದು. 10 ಸೆಂ.ಮೀ. ಸಂಗಮದೂರ, 5 ಸೆಂ.ಮೀ. ವ್ಯಾಸದ ಪೀನ ಮಸೂರ, ಎರಡು ಮೇಣದಬತ್ತಿ, ಒಂದು ಬಿಳಿ ರಟ್ಟು ಸಾಕು. ಕೋಣೆ ಕತ್ತಲಾಗಿರಲಿ. ಮಸೂರದಿಂದ 30 ಸೆಂ.ಮೀ. ದೂರದಲ್ಲಿ ಒಂದು ಬತ್ತಿ, 60 ಸೆಂ.ಮೀ. ದೂರದಲ್ಲಿ ತುಸು ಪಕ್ಕಕ್ಕೆ ಇನ್ನೊಂದು. ಮಸೂರದ ಸೂತ್ರದಂತೆ ಬಿಂಬಗಳು ಕ್ರಮವಾಗಿ 15 ಮತ್ತು 12 ಸೆಂ.ಮೀ. ದೂರದಲ್ಲಿ ಮೂಡುತ್ತವೆ. ರಟ್ಟನ್ನು 15 ಸೆಂ.ಮೀ.ಗೆ ಇಟ್ಟರೆ ಹತ್ತಿರದ ಜ್ವಾಲೆ ಸ್ಪಷ್ಟ. ದೂರದ ಜ್ವಾಲೆಯ ಕಿರಣಗಳು 12ರಲ್ಲೇ ಕೂಡಿ, ಮತ್ತೆ ಹರಡಿಕೊಂಡು ರಟ್ಟನ್ನು ತಲುಪುವುದರಿಂದ ಅದರ ಪ್ರತಿ ಬಿಂದುವೂ ಸುಮಾರು 12.5 ಮಿ.ಮೀ. ಅಗಲದ ವೃತ್ತವಾಗುತ್ತದೆ. ಈಗ 5 ಮಿ.ಮೀ. ರಂಧ್ರವಿರುವ ಕಾಗದವನ್ನು ಮಸೂರಕ್ಕೆ ಮುಚ್ಚಿ. ಆ ವೃತ್ತ 1.25 ಮಿ.ಮೀ.ಗೆ ಇಳಿದು ದೂರದ ಜ್ವಾಲೆಗೂ ಆಕಾರ ಬರುತ್ತದೆ. ಕಿಂಡಿ ಹತ್ತನೇ ಒಂದಾದರೆ ಮಸುಕೂ ಹತ್ತನೇ ಒಂದು. ಇದು ಸಮರೂಪ ತ್ರಿಭುಜಗಳ ಲೆಕ್ಕ. ಬೆಳಕು ಮಾತ್ರ ನೂರನೇ ಒಂದಾಗುತ್ತದೆ. ಬಿಂಬ ಏಕೆ ಮಂಕಾಯಿತೆಂದು ಮಕ್ಕಳೇ ಹೇಳಲಿ.

ಕ್ಯಾಮೆರಾದಲ್ಲಿ ಈ ಕಿಂಡಿಯ ಅಳತೆಯೇ ಎಫ್ ಸಂಖ್ಯೆ. ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಅದು ಸಿಗುತ್ತದೆ. 50 ಮಿ.ಮೀ. ಮಸೂರಕ್ಕೆ ಎಫ್ 2 ಎಂದರೆ 25 ಮಿ.ಮೀ. ಕಿಂಡಿ, ಎಫ್ 16 ಎಂದರೆ ಸುಮಾರು 3 ಮಿ.ಮೀ. 35 ಮಿ.ಮೀ. ಫಿಲ್ಮಿನ ಕ್ಯಾಮೆರಾದಲ್ಲಿ 3 ಮೀಟರ್ ದೂರದ ವಸ್ತುವಿಗೆ ಹೊಂದಿಸಿದರೆ, ಎಫ್ 2ರಲ್ಲಿ ಸುಮಾರು 2.8ರಿಂದ 3.2 ಮೀಟರ್‌ವರೆಗೆ ಸ್ಪಷ್ಟ. ಎಫ್ 16ರಲ್ಲಿ ಸುಮಾರು 1.9ರಿಂದ 7 ಮೀಟರ್‌ವರೆಗೆ. ವಸ್ತುವಿಗೆ ಹತ್ತಿರ ಹೋದರೂ, ಅದೇ ಜಾಗದಿಂದ ಹೆಚ್ಚು ಸಂಗಮದೂರದ ಮಸೂರ ಬಳಸಿದರೂ ಆಳ ಕಡಿಮೆಯಾಗುತ್ತದೆ. ಮೊಬೈಲಿನ ಮಸೂರದ ಸಂಗಮದೂರ ಕೆಲವೇ ಮಿ.ಮೀ. ಆದ್ದರಿಂದ ಅದರಲ್ಲಿ ಬಹುತೇಕ ಎಲ್ಲವೂ ಸ್ಪಷ್ಟ. ಪೋರ್ಟ್ರೇಟ್ ಮೋಡಿನ ಮಸುಕು ಸಾಮಾನ್ಯವಾಗಿ ತಂತ್ರಾಂಶ ಸೇರಿಸಿದ್ದು. ಬೋಧನೋಪಕರಣಕ್ಕಾಗಿ ಹೂವಿನ ಭಾಗಗಳನ್ನು ತೋರಿಸಬೇಕಾದರೆ ಹತ್ತಿರ ಹೋಗಿ. ಬೆಳೆಯ ಪದ್ಧತಿ ತೋರಿಸಬೇಕಾದರೆ ದೂರ ನಿಲ್ಲಿ.

ಈಗ ಆ ಹುಡುಗಿಯ ಮಾತಿಗೆ ಬರೋಣ. ಸಮೀಪದೃಷ್ಟಿ ಇರುವ ಕಣ್ಣಿನಲ್ಲಿ ದೂರದ ಬಿಂಬ ಅಕ್ಷಿಪಟಲದ ಮುಂದೆಯೇ ಮೂಡುತ್ತದೆ, ನಮ್ಮ ಎರಡನೆಯ ಜ್ವಾಲೆಯಂತೆ. ರೆಪ್ಪೆ ಕಿರಿದಾದಾಗ ಕಿಂಡಿ ಕಿರಿದಾಗಿ ಮಸುಕು ಕಡಿಮೆಯಾಗುತ್ತದೆ. ಅವಳು ಕಾಗದದ ರಂಧ್ರದ ಕೆಲಸವನ್ನು ರೆಪ್ಪೆಯಿಂದ ಮಾಡುತ್ತಿದ್ದಳು. ನೇತ್ರ ತಪಾಸಣೆಯಲ್ಲೂ ಸಣ್ಣ ರಂಧ್ರದ ಮೂಲಕ ಓದಿಸಿ ನೋಡುವ ಕ್ರಮವಿದೆ. ಆಗ ಅಕ್ಷರ ಸ್ಪಷ್ಟವಾದರೆ ದೋಷ ಸಾಮಾನ್ಯವಾಗಿ ಕನ್ನಡಕದಿಂದ ಸರಿಹೋಗುವಂಥದ್ದು.

ರೋಗನಿರ್ಣಯ ನಮ್ಮ ಕೆಲಸವಲ್ಲ. ಮಗುವನ್ನು ಮುಂದಿನ ಬೆಂಚಿಗೆ ಕರೆದು, ಮುಖ್ಯಶಿಕ್ಷಕರಿಗೂ ಪೋಷಕರಿಗೂ ತಿಳಿಸಿ, ಕಣ್ಣಿನ ಪರೀಕ್ಷೆಗೆ ಕಳುಹಿಸುವುದು ನಮ್ಮ ಕೆಲಸ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅಂಥ ಮಕ್ಕಳ ಹೆಸರನ್ನು ಮೊದಲೇ ಕೊಡಬಹುದು. ಮರುವಾರ ಅದೇ ಶಾಲೆಗೆ ಹೋದಾಗ ನಾನು ಮೊದಲು ಮಾಡಿದ್ದು ಇದನ್ನೇ. ಈಗ ನನ್ನ ಅವಲೋಕನ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಿಗೆ ಇದೆ: ಕಣ್ಣು ಕಿರಿದು ಮಾಡಿ ನೋಡುವ ಮಕ್ಕಳು ಯಾರು?