ಮಾರಾಟವಾಗದ ಜಿಲೇಬಿ ಮೀನು: ಹೊಗೆ ಹಾಕಿ, ಮೊಸರಲ್ಲಿ ಕಲಸಿ ಬೀಗರ ಮುಂದಿಟ್ಟಾಗ

ಕೃಷಿ ಹೊಂಡದಲ್ಲಿ ಮೀನು ಬಿಟ್ಟ ಎಷ್ಟೋ ಜನರಿಗೆ ಈ ಅನುಭವ ಆಗಿರುತ್ತೆ. ಕಾಟ್ಲಾ, ಸಾಮಾನ್ಯ ಗೆಂಡೆ ಅಂತ ಮರಿ ತಂದು ಬಿಡ್ತೀವಿ. ಎಂಟು ತಿಂಗಳಾದ ಮೇಲೆ ಬಲೆ ಎಳೆದರೆ ಅರ್ಧಕ್ಕರ್ಧ ಜಿಲೇಬಿ! ನಾಗಮಂಗಲ ಕಡೆಯ ನಮ್ಮ ಹೊಂಡದಲ್ಲೂ ಹೋದ ವರ್ಷ ಹೀಗೇ ಆಯ್ತು. ಮರಿಗಳ ಜೊತೆ ಹೇಗೋ ನಾಲ್ಕು ಜಿಲೇಬಿ ಸೇರಿಕೊಂಡು ಬಂದಿದ್ದವು, ಅವೇ ಸಂಸಾರ ಮಾಡಿಕೊಂಡು ಹೊಂಡ ತುಂಬಿಸಿದವು.

ಪುಸ್ತಕದಲ್ಲಿ ತಿಲಾಪಿಯ ಅಂತ ಬರೆಯೋದು ಇದನ್ನೇ. ಆಫ್ರಿಕಾ ಮೂಲದ ಮೀನು, ಭಾರತಕ್ಕೆ ತಂದಿದ್ದು 1952ರಲ್ಲಿ. ಮರಿ ಎರಡು ಮೂರು ತಿಂಗಳಿಗೇ ತಾಯಿಯಾಗುತ್ತೆ. ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ, ಹಾಗಾಗಿ ಬದುಕುಳಿಯೋ ಮರಿಗಳೂ ಜಾಸ್ತಿ. ಸಂಖ್ಯೆ ಹೆಚ್ಚಾದಂತೆ ಮೇವು ಸಾಲದೆ ಎಲ್ಲವೂ ಅಂಗೈ ಅಗಲಕ್ಕೇ ನಿಂತುಬಿಡ್ತವೆ. ನಮ್ಮವು ನೂರರಿಂದ ನೂರೈವತ್ತು ಗ್ರಾಂ ಇದ್ದವು. ಮೀನು ಕೊಳ್ಳೋಕೆ ಬಂದವನು ಕಾಟ್ಲಾ ತೂಗಿಸಿಕೊಂಡು, ಜಿಲೇಬಿ ಬುಟ್ಟಿ ಕಡೆ ನೋಡಿ, "ಇದನ್ನ ಕೋಳಿಗೆ ಹಾಕಿ ಅಣ್ಣ" ಅಂದು ಗಾಡಿ ಹತ್ತಿದ.

ಅದೇ ತಿಂಗಳು ತಂಗಿಯ ಅತ್ತೆ ಮನೆಯವರು ಮದುವೆಯಾದ ಮೇಲೆ ಮೊದಲ ಸಲ ನಮ್ಮನೆಗೆ ಬರೋರಿದ್ದರು. ಬೆಂಗಳೂರಿನವರು. ಬಾಡೂಟ ಹೇಗೂ ಇದ್ದೇ ಇರುತ್ತೆ. ಅದಕ್ಕೆ ಮುಂಚೆ ಮಾತಾಡ್ತಾ ತಿನ್ನೋಕೆ ನಮ್ಮ ಹೊಂಡದ್ದೇ ಏನಾದರೂ ಇಡಬೇಕು ಅನ್ನೋದು ನನ್ನ ಆಸೆ. ಫೋನಲ್ಲಿ ಹುಡುಕ್ತಾ ಇದ್ದಾಗ ಅಮೆರಿಕದ ಫ್ಲೋರಿಡಾದವರ ವಿಡಿಯೋ ಸಿಕ್ಕಿತು. ಅಲ್ಲಿ ಮಲ್ಲೆಟ್ ಅನ್ನೋ ಮೀನನ್ನು ಹೊಗೆಯಲ್ಲಿ ಬೇಯಿಸಿ, ಬಿಡಿಸಿ, ಕೆನೆಯಂಥ ಚೀಸ್ ಜೊತೆ ಕಲಸಿ, ಬಿಸ್ಕತ್ತಿನ ಜೊತೆ ಅತಿಥಿಗಳಿಗೆ ಕೊಡ್ತಾರೆ. ಡಿಪ್ ಅಂತಾರೆ, ಅಂದರೆ ಅದ್ದಿಕೊಂಡು ತಿನ್ನೋ ಗಟ್ಟಿ ಗೊಜ್ಜು. ಚೀಸ್ ಬದಲು ಕಟ್ಟಿದ ಮೊಸರು, ಬಿಸ್ಕತ್ತಿನ ಬದಲು ಮದ್ದೂರು ವಡೆ. ಸರಿ ಹೋಯ್ತಲ್ಲ ಅಂದುಕೊಂಡೆ.

ಅಮ್ಮ ಕೇಳಿದ ತಕ್ಷಣ ಕೈಲಿದ್ದ ಮೊರ ಕೆಳಗಿಟ್ಟಳು. "ಮೀನಿಗೆ ಮೊಸರಾ? ಬೀಗರಿಗೆ ತೊನ್ನು ಬರಿಸ್ತೀಯೇನೋ?"

ಈ ಮಾತು ನಿಮ್ಮ ಮನೆಯಲ್ಲೂ ಕೇಳಿರ್ತೀರಿ. ಆದರೆ ನಮ್ಮನೆಯಲ್ಲಿ ಅದು ಬರೀ ಗಾದೆಯಲ್ಲ. ನಮ್ಮಪ್ಪನ ಅಕ್ಕ, ನಮ್ಮತ್ತೆ, ನಮ್ಮ ಜೊತೆಯಲ್ಲೇ ಇದ್ದಾರೆ. ಹತ್ತು ಹನ್ನೊಂದು ವಯಸ್ಸಿಗೆ ಕೈ ಮೇಲೆ ಬಿಳಿ ಮಚ್ಚೆ ಬಂತು, ಆಮೇಲೆ ತುಟಿ ಹತ್ತಿರ. ಮೀನು ಸಾರು ಉಂಡು ಮಜ್ಜಿಗೆ ಕುಡಿದಿದ್ದಕ್ಕೇ ಹೀಗಾಯ್ತು ಅಂತ ಊರೆಲ್ಲ ಅಂದಿತು. ಮದುವೆ ಆಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ, ಬಾಯಿ ಚಪಲಕ್ಕೆ ತಾನೇ ತಂದುಕೊಂಡ ರೋಗ ಅನ್ನೋ ಹಾಗೆ ಬದುಕಿದ್ದಾರೆ. ನೆಂಟರು ಬಂದರೆ ಹಿಂದಿನ ಕೋಣೆ ಬಿಟ್ಟು ಬರಲ್ಲ.

ನಾನು ತಿಳಿದವರನ್ನು ಕೇಳಿದೆ. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳನ್ನು ನಮ್ಮದೇ ದೇಹದ ರೋಗ ನಿರೋಧಕ ವ್ಯವಸ್ಥೆ ಹಾಳು ಮಾಡೋದರಿಂದ ತೊನ್ನು ಬರುತ್ತೆ, ಮುಟ್ಟಿದರೆ ಅಂಟಲ್ಲ, ಮೀನು ಮೊಸರಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಚರ್ಮದ ವೈದ್ಯರೇ ಹೇಳಿದರು. ಹಾಲು ಮೀನು ವಿರುದ್ಧ ಆಹಾರ ಅಂತ ಆಯುರ್ವೇದದ ಹಳೆ ಗ್ರಂಥಗಳಲ್ಲಿ ಇದೆ, ನಿಜ. ಆದರೆ ಬಂಗಾಳದವರು ಮೀನನ್ನು ಮೊಸರಲ್ಲೇ ಬೇಯಿಸ್ತಾರೆ, 'ದೋಯಿ ಮಾಛ್' ಅಂತ ಅದಕ್ಕೆ ಹೆಸರೇ ಇದೆ. ಇಷ್ಟೆಲ್ಲ ಹೇಳಿದರೂ ಅಮ್ಮ ಒಪ್ಪಲಿಲ್ಲ. ಕೊನೆಗೆ ರಾಜಿ ಆಯ್ತು: ಎರಡು ಬಟ್ಟಲು. ಒಂದು ಮೊಸರಿನದು, ಒಂದು ತೆಂಗಿನಕಾಯಿಯದು. ಯಾವುದರಲ್ಲಿ ಏನಿದೆ ಅಂತ ಬೀಗರಿಗೆ ಮೊದಲೇ ಹೇಳಬೇಕು.

ಈಗ ಕೆಲಸಕ್ಕೆ ಬರೋಣ.

ಹಿಡಿದ ಮೀನನ್ನು ಮೇವು ಹಾಕದೆ ಮೂರು ದಿನ ತೊಟ್ಟಿಯ ಶುದ್ಧ ನೀರಲ್ಲಿ ಬಿಡಿ, ದಿನಾ ನೀರು ಬದಲಿಸಿ. ಹೊಂಡದ ಪಾಚಿಯಿಂದ ಬರೋ ಮಣ್ಣು ವಾಸನೆ ಇದರಿಂದ ಬಹಳ ಕಡಿಮೆಯಾಗುತ್ತೆ. ಹೊಗೆ ಹಾಕಿದರೆ ವಾಸನೆ ಮುಚ್ಚಿಹೋಗುತ್ತೆ ಅಂದುಕೊಳ್ಳಬೇಡಿ, ಹೋಗಲ್ಲ. ಆಮೇಲೆ ಹುರುಪೆ ತೆಗೆದು, ಹೊಟ್ಟೆ ಶುಚಿ ಮಾಡಿ, ಕಿವಿರು ಕಿತ್ತು, ಬೆನ್ನಿನ ಕಡೆಯಿಂದ ಸೀಳಿ ಪುಸ್ತಕದ ಹಾಗೆ ಬಿಡಿಸಿ. ಲೀಟರ್ ನೀರಿಗೆ 80 ಗ್ರಾಂ ಕಲ್ಲುಪ್ಪು ಕರಗಿಸಿ, ಮೀನನ್ನು ಅದರಲ್ಲಿ ಮುಕ್ಕಾಲು ಗಂಟೆ ಮುಳುಗಿಸಿಡಿ. ತೆಗೆದು ಒಮ್ಮೆ ತೊಳೆದು, ಫ್ಯಾನಿನ ಕೆಳಗೆ ಒಂದು ಗಂಟೆ ಆರಲು ಬಿಡಿ. ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟಬೇಕು, ನೀರು ತಾಗಬಾರದು. ಒದ್ದೆ ಮೀನಿಗೆ ಹೊಗೆ ಸರಿಯಾಗಿ ಹಿಡಿಯಲ್ಲ, ಮಸಿ ಹಿಡಿಯುತ್ತೆ.

ಹೊಗೆಗೂಡಿಗೆ ನಾನು ಖರ್ಚು ಮಾಡಿದ್ದು ಕಡಿಮೆ. ಅಡಿಗೆ ಎಣ್ಣೆಯ 15 ಕೆಜಿ ಡಬ್ಬ ಎರಡು. ಮೇಲಿನದರ ತಳ ಕತ್ತರಿಸಿ, ಬಾಯಿ ತೆರೆದ ಕೆಳಗಿನ ಡಬ್ಬದ ಮೇಲೆ ಕೂರಿಸಿದೆ. ಕೆಳಗಿನದರ ಪಕ್ಕಕ್ಕೆ ಒಲೆ ಬಾಯಿ ಕೊರೆದೆ. ಮೇಲ್ಗಡೆ ಸ್ಟೀಲ್ ಜಾಲರಿ, ಅದರ ಮೇಲೆ ಮೀನು, ಮೇಲೆ ಒದ್ದೆ ಗೋಣಿಚೀಲ. ಮೊದಲ ಸಲ ಮೀನಿಲ್ಲದೆ ಒಂದು ಗಂಟೆ ಉರಿಸಿ. ಔಷಧಿ ಇದ್ದ ಡ್ರಮ್ಮು, ಗೊಬ್ಬರದ ಚೀಲ ಹತ್ತಿರಕ್ಕೂ ತರಬೇಡಿ, ಎಷ್ಟೇ ತೊಳೆದಿದ್ದರೂ ಸರಿ. ಸತು ಲೇಪದ ಜಾಲರಿಯೂ ಬೇಡ, ಬಿಸಿಗೆ ಒಳ್ಳೆಯದಲ್ಲ.

ಸೌದೆಗೆ ಮಾವು, ಹಲಸು, ಸೀಬೆ ಯಾವುದಾದರೂ ಸರಿ, ಒಣಗಿರಬೇಕು. ಕೆಂಡ ಆದ ಮೇಲೆ ಅದರ ಮೇಲೆ ತೆಂಗಿನ ಸಿಪ್ಪೆ ಇಟ್ಟರೆ ನಿಧಾನವಾಗಿ ಹೊಗೆ ಕೊಡುತ್ತೆ. ಲಕ್ಷದ್ವೀಪದವರು ಸೂರೆ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ ಮಾಸ್‌ಮಿನ್ ಮಾಡೋದೂ ತೆಂಗಿನ ಸಿಪ್ಪೆ, ಚಿಪ್ಪಿನ ಬೆಂಕಿಯಲ್ಲೇ. ಪ್ಯಾಕಿಂಗ್ ಪೆಟ್ಟಿಗೆ, ಪ್ಲೈವುಡ್, ಬಣ್ಣ ಬಳಿದ ಮರ ಹಾಕಬೇಡಿ. ನೀಲಗಿರಿಯೂ ಬೇಡ, ಅದರ ಎಣ್ಣೆ ವಾಸನೆ ಮೀನಿಗೆ ಬರುತ್ತೆ. ಸೀಮೆಎಣ್ಣೆ ಸುರಿದು ಹಚ್ಚಿದರಂತೂ ಮುಗೀತು. ತೆಳ್ಳಗಿನ ನೀಲಿ ಹೊಗೆ ಒಳ್ಳೆಯದು, ದಟ್ಟ ಕಪ್ಪು ಹೊಗೆ ಬಂದರೆ ಮೀನು ಕಹಿ.

ಒಂದೂವರೆಯಿಂದ ಎರಡು ಗಂಟೆ ಬೇಕು. ಮೀನಿನ ದಪ್ಪ ಭಾಗದ ಒಳಗಿನ ಬಿಸಿ 63 ಡಿಗ್ರಿ ಮುಟ್ಟಿ, ಅರ್ಧ ಗಂಟೆ ಅದಕ್ಕಿಂತ ಕೆಳಗಿಳಿಯಬಾರದು. ಚುಚ್ಚಿ ನೋಡೋ ಅಡಿಗೆ ಥರ್ಮಾಮೀಟರ್ ಆನ್‌ಲೈನಲ್ಲಿ ಸಿಗುತ್ತೆ, ಒಂದು ತರಿಸಿಕೊಳ್ಳಿ. ಹೊರಗೆ ಹೊಂಬಣ್ಣ ಬಂದ ಮಾತ್ರಕ್ಕೆ ಒಳಗೆ ಬೆಂದಿದೆ ಅಂತಲ್ಲ.

ಇಲ್ಲೇ ನಾನು ಒಂದು ಸಲ ಎಡವಿದ್ದು. ಬೀಗರು ಬರೋ ವಾರ ಮುಂಚೆ ಪರೀಕ್ಷೆಗೆ ಅಂತ ಎರಡು ಕೆಜಿ ಮಾಡಿದ್ದೆ. ನಮ್ಮಜ್ಜಿ ಒಲೆ ಮೇಲೆ ಮೀನು ಕಟ್ಟಿ ತಿಂಗಳುಗಟ್ಟಲೆ ಇಡ್ತಿದ್ದಳಲ್ಲ, ಹೊಗೆ ಹಾಕಿದ್ದು ಕೆಡಲ್ಲ ಅಂದುಕೊಂಡು, ಬಿಸಿ ಬಿಸಿಯಾಗೇ ಪ್ಲಾಸ್ಟಿಕ್ ಕವರಿಗೆ ತುಂಬಿ ಅಟ್ಟದ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಲೋಳೆ, ಹುಳಿ ವಾಸನೆ. ಎಲ್ಲಾ ಗುಂಡಿ ತೋಡಿ ಮುಚ್ಚಿದೆ. ಅಜ್ಜಿಯ ಮೀನು ವಾರಗಟ್ಟಲೆ ಒಣಗಿ ಕೊರಡಾಗಿರ್ತಿತ್ತು, ನೀರಿನ ಅಂಶವೇ ಇರ್ತಿರಲಿಲ್ಲ. ನಮ್ಮದು ಮೆತ್ತಗೆ ಬೆಂದ ಮೀನು, ಬರೀ ರುಚಿಗೆ ಹೊಗೆ. ಇದು ಮಾಮೂಲಿ ಬೇಯಿಸಿದ ಮೀನಿನಷ್ಟೇ ಬೇಗ ಕೆಡುತ್ತೆ. ನನ್ನ ಪುಣ್ಯ, ವಾಸನೆ ಬಂತು. ಗಾಳಿಯಾಡದ ಕವರಲ್ಲಿ ಹೊರಗಿಟ್ಟ ಮೀನಿನಲ್ಲಿ ಬೊಟುಲಿಸಂ ತರೋ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷ ನರಗಳಿಗೆ ಹೊಡೆಯುತ್ತೆ, ಜೀವಕ್ಕೇ ಅಪಾಯ, ವಾಸನೆಯಿಂದ ಗೊತ್ತಾಗಲೇಬೇಕು ಅಂತೇನಿಲ್ಲ. ಹಾಗಾಗಿ ಆರಿದ ತಕ್ಷಣ ಫ್ರಿಜ್, 4 ಡಿಗ್ರಿಗಿಂತ ಕೆಳಗೆ, ಮೂರು ದಿನದೊಳಗೆ ಖಾಲಿ. ಕರೆಂಟ್ ಗಂಟೆಗಟ್ಟಲೆ ಹೋಗೋ ಊರಾದರೆ ಮಾಡಿದ ದಿನವೇ ತಿಂದುಬಿಡಿ.

ಇನ್ನು ಮುಳ್ಳು. ಜಿಲೇಬಿಯ ದೊಡ್ಡ ಗುಣ ಇದೇ: ಕಾಟ್ಲಾ, ಗೆಂಡೆಗೆ ಮಾಂಸದ ಮಧ್ಯೆ ಇರೋ ಕವಲು ಮುಳ್ಳು ಇದಕ್ಕಿಲ್ಲ. ಬೆನ್ನು ಮೂಳೆ, ಪಕ್ಕೆ, ರೆಕ್ಕೆ ಬುಡ ಇಷ್ಟು ತೆಗೆದರೆ ಆಯ್ತು. ಆದರೂ ಸಣ್ಣ ಮೀನು, ಕಣ್ಣಿಗಿಂತ ಬೆರಳೇ ನೋಡಬೇಕು. ಮೊಸರಲ್ಲಿ ಅಡಗಿದ ಒಂದು ಮುಳ್ಳು ಸಾಕು, ನೆಂಟರ ಗಂಟಲು ಹಿಡಿಯೋಕೆ. ಮಿಕ್ಸಿಗೆ ಹಾಕಿದರೆ ಮುಳ್ಳು ಕರಗಲ್ಲ, ತುಂಡಾಗಿ ಇನ್ನೂ ಅಪಾಯ.

ಈ ಕೆಲಸಕ್ಕೆ ನಮ್ಮನೆಯಲ್ಲಿ ಅತ್ತೆಯಷ್ಟು ನಾಜೂಕು ಬೆರಳು ಯಾರಿಗೂ ಇಲ್ಲ. ತಟ್ಟೆ ತಗೊಂಡು ಹೋಗಿ ಮುಂದಿಟ್ಟೆ. ಕೈ ಸೆರಗಿನೊಳಗೆ ಎಳಕೊಂಡರು. "ಬೀಗರು ತಿನ್ನೋದು ಕಣಪ್ಪ. ನಾನು ಮುಟ್ಟಲ್ಲ." ನಾನು ವೈದ್ಯರು ಹೇಳಿದ್ದನ್ನೆಲ್ಲ ಹೇಳೋಕೆ ಹೋದೆ. ಅರ್ಧ ಕೇಳಿ, "ಹಂಗಾದ್ರೆ ನಾನು ಮಜ್ಜಿಗೆ ಕುಡಿದಿದ್ದಕ್ಕಲ್ವಾ?" ಅಂದರು. ಅಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರವತ್ತು ವರ್ಷ ಆಯ್ತಲ್ಲೋ" ಅಂದರು. ಆಮೇಲೆ ಎದ್ದು ಹೋಗಿ ಸೋಪು ಹಾಕಿ ಮೊಣಕೈವರೆಗೂ ತೊಳಕೊಂಡು ಬಂದು ಕೂತರು. ಒಂದೂವರೆ ಕೆಜಿ ಮೀನಿಂದ ಸುಮಾರು 400 ಗ್ರಾಂ ತಿರುಳು ಬಂತು. ನಾನು ಮತ್ತೆ ಬೆರಳಾಡಿಸಿ ನೋಡಿದೆ, ಒಂದು ಮುಳ್ಳೂ ಸಿಗಲಿಲ್ಲ.

ಕಲಸೋದು ಸುಲಭ. ಅರ್ಧ ಲೀಟರ್ ಗಟ್ಟಿ, ಹುಳಿಯಿಲ್ಲದ ಮೊಸರನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೇ ನಾಲ್ಕು ಗಂಟೆ ನೀರು ಇಳಿಸಿ. ಚಮಚದಲ್ಲಿ ಚೆನ್ನಾಗಿ ತಿರುವಿದರೆ ಬೆಣ್ಣೆಯ ಹಾಗಾಗುತ್ತೆ. ಅದಕ್ಕೆ 200 ಗ್ರಾಂ ಮೀನು, ತೀರಾ ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು ಹಿಡಿ, ಬೀಜ ತೆಗೆದ ಹಸಿಮೆಣಸಿನಕಾಯಿ ಒಂದು, ಕೊತ್ತಂಬರಿ, ಕುಟ್ಟಿದ ಕಾಳುಮೆಣಸು, ಅರ್ಧ ಹೋಳು ನಿಂಬೆರಸ. ಮೀನಿನ ಅರ್ಧ ಭಾಗವನ್ನು ಹಿಸುಕಿ ಕಲಸಿ, ಉಳಿದರ್ಧ ಎಸಳೆಸಳಾಗಿ ಕೊನೆಗೆ ಸೇರಿಸಿ. ಉಪ್ಪು ರುಚಿ ನೋಡದೆ ಹಾಕಬೇಡಿ, ಮೀನಲ್ಲೇ ಇರುತ್ತೆ. ಬೆಳ್ಳುಳ್ಳಿ ಹಾಕೋರು ಹಾಕ್ತಾರೆ, ಹೊಗೆಯ ರುಚಿ ತಿಂದುಹಾಕುತ್ತೆ ಅಂತ ನನಗೆ ಇಷ್ಟವಿಲ್ಲ. ಎರಡನೇ ಬಟ್ಟಲಿಗೆ ಮೊಸರಿನ ಬದಲು ಒಂದು ಬಟ್ಟಲು ಎಳೆಯ ತೆಂಗಿನಕಾಯಿ ತುರಿ, ನೆನೆಸಿದ ಹತ್ತು ಗೋಡಂಬಿ ಹಾಕಿ, ನೀರು ಆದಷ್ಟು ಕಡಿಮೆ ಸೇರಿಸಿ ನುಣ್ಣಗೆ ರುಬ್ಬಿ. ಉಳಿದದ್ದೆಲ್ಲ ಅದೇ. ಒಂದು ಗಂಟೆ ತಣ್ಣಗಿಟ್ಟು ಬಡಿಸಿ, ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ.

ಬೀಗರು ಬಂದರು. ವಡೆ, ಸೌತೆಕಾಯಿ ಬಿಲ್ಲೆ, ಗರಿಗರಿ ರಾಗಿರೊಟ್ಟಿ ತುಂಡು ಜೊತೆ ಎರಡೂ ಬಟ್ಟಲು ಇಟ್ಟು, ಇದರಲ್ಲಿ ಮೊಸರಿದೆ, ಇದರಲ್ಲಿ ಇಲ್ಲ ಅಂತ ಹೇಳಿದೆ. ಬೀಗರು ಒಂದು ಕ್ಷಣ ಹೆಂಡತಿ ಮುಖ ನೋಡಿ ತೆಂಗಿನಕಾಯಿ ಬಟ್ಟಲಿಗೇ ಕೈ ಹಾಕಿದರು. ಭಾವ ಮೊಸರಿನದು ತಗೊಂಡ, ಮತ್ತೆ ತಗೊಂಡ. ಬೀಗಿತ್ತಿ, "ಮುಳ್ಳು ಯಾರು ಬಿಡಿಸಿದ್ದು, ಇಷ್ಟು ಚೊಕ್ಕಟವಾಗಿ?" ಅಂದರು. ಅಮ್ಮ ನನ್ನ ಕಡೆ ನೋಡಿದಳು. "ನಮ್ಮತ್ತೆ" ಅಂದೆ. "ಎಲ್ಲಿ, ಕರೀರಿ" ಅಂದರು. ಅತ್ತೆ ಬಾಗಿಲವರೆಗೆ ಬಂದರು, ಒಳಗೆ ಬರಲಿಲ್ಲ. ಬೀಗಿತ್ತಿ ಅವರ ಕೈ ನೋಡಿದ್ದನ್ನು ನಾನೂ ನೋಡಿದೆ. ಅವರು ಏನೂ ಅನ್ನಲಿಲ್ಲ, ಕೈಲಿದ್ದ ವಡೆ ತುಂಡನ್ನು ಪೂರ್ತಿ ತಿಂದರು.

ತೆಂಗಿನಕಾಯಿ ಬಟ್ಟಲು ಮೊದಲು ಖಾಲಿಯಾಯ್ತು. ಮೊಸರಿನದರಲ್ಲಿ ಸ್ವಲ್ಪ ಉಳಿದಿದ್ದನ್ನು ಫ್ರಿಜ್ಜಿಗೆ ಇಟ್ಟಿದ್ದೆ. ರಾತ್ರಿ ಎಲ್ಲರೂ ಹೋದ ಮೇಲೆ ಅತ್ತೆ ಅದನ್ನು ತೆಗೆದು, ರೊಟ್ಟಿ ತುಂಡಲ್ಲಿ ಬಟ್ಟಲು ಸವರಿ ಸವರಿ ತಿಂದರು. ಅಮ್ಮ ಪಾತ್ರೆ ತೊಳೀತಾ ಇದ್ದಳು, ನೋಡಿದಳು, ಬೇಡ ಅನ್ನಲಿಲ್ಲ. "ಉಪ್ಪು ಒಂಚೂರು ಜಾಸ್ತಿ ಕಣೋ" ಅಂದರು ಅತ್ತೆ. ನಿಜ. ಆವತ್ತು ನಾನು ಉಪ್ಪು ನೀರಲ್ಲಿ ಒಂದು ಗಂಟೆ ಬಿಟ್ಟಿದ್ದೆ. ಮೇಲೆ ಮುಕ್ಕಾಲು ಗಂಟೆ ಅಂತ ಬರೆದಿದ್ದು ಅದಕ್ಕೇ.